ಊರಿನ ಬೆಳೆ, ತಾಯಿಯ ತಿಳಿವಳಿಕೆ: ಮಗುವಿನ ಪೋಷಣೆಗೆ ಇಷ್ಟು ಸಾಕೇ?

ಚರ್ಚೆಯ ಪ್ರಶ್ನೆ: ಮಕ್ಕಳ ಅಪೌಷ್ಟಿಕತೆ ನೀಗಲು ಸ್ಥಳೀಯವಾಗಿ ಬೆಳೆದ ಆಹಾರ ಮತ್ತು ಮನೆಯವರ ತಿಳಿವಳಿಕೆಯೇ ಮುಖ್ಯ ದಾರಿಯಾಗಬೇಕೇ?

ಪರ
ಚಮಚದಿಂದ ಜಾರಿದ ಗಂಜಿ

ಮಗುವಿಗೆ ಬೇಕಾದ ಆಹಾರದ ಬಹುಪಾಲು ಅದು ಹುಟ್ಟಿದ ಮನೆಯ ಸುತ್ತಮುತ್ತಲೇ ಬೆಳೆಯುತ್ತದೆ. ಬೆಳೆಯದಿದ್ದರೆ ಬೆಳೆಸಬಹುದು. ಕೊರತೆ ಇರುವುದು ಅದನ್ನು ಯಾವಾಗ, ಎಷ್ಟು, ಹೇಗೆ ಉಣಿಸಬೇಕು ಎಂಬ ತಿಳಿವಳಿಕೆಯಲ್ಲಿ. ಇದು ನಾನು ಪುಸ್ತಕದಿಂದ ಕಲಿತ ಮಾತಲ್ಲ.

ನನ್ನ ಎರಡನೇ ಮಗಳಿಗೆ ಎಂಟು ತಿಂಗಳಾದಾಗ ತೂಕ ಏರುವುದು ನಿಂತುಹೋಯಿತು. ಬೆಳವಣಿಗೆಯ ನಕ್ಷೆಯಲ್ಲಿ ಅವಳ ಗೆರೆ ಎರಡು ತಿಂಗಳಿಂದ ಮೇಲೇರದೆ ಅಡ್ಡಡ್ಡ ಹೋಗುತ್ತಿತ್ತು. ಮನೆಯಲ್ಲಿ ಬಡತನವೇನೂ ಇರಲಿಲ್ಲ. ಹಿತ್ತಲಲ್ಲಿ ಸೊಪ್ಪು, ಬೇಲಿಯ ಮೇಲೆ ಕುಂಬಳಬಳ್ಳಿ, ಅಂಗಳದಲ್ಲಿ ನಾಲ್ಕು ಕೋಳಿ, ಡಬ್ಬಿ ತುಂಬ ಬೇಳೆ. ಇಷ್ಟೆಲ್ಲ ಇಟ್ಟುಕೊಂಡು ನಾನು ಅವಳಿಗೆ ಕೊಡುತ್ತಿದ್ದದ್ದು ತಿಳಿ ಗಂಜಿ. ತೆಳ್ಳಗಿದ್ದಷ್ಟೂ ಮಗುವಿಗೆ ಅರಗುತ್ತದೆ ಅಂದುಕೊಂಡಿದ್ದೆ. ಮನೆಯ ಹಿರಿಯರೂ ಹಾಗೇ ಅಂದುಕೊಂಡಿದ್ದರು.

ತೂಕ ನೋಡಲು ಬರುತ್ತಿದ್ದ ಆರೋಗ್ಯ ಕಾರ್ಯಕರ್ತೆ ಒಂದು ದಿನ ನಾನು ಉಣಿಸುವ ಹೊತ್ತಿಗೇ ಬಂದರು. ನನ್ನ ಕೈಯಿಂದ ಚಮಚ ತೆಗೆದುಕೊಂಡು ಸ್ವಲ್ಪ ಓರೆ ಮಾಡಿದರು. ಗಂಜಿ ಅಷ್ಟೂ ಬಟ್ಟಲಿಗೆ ಜಾರಿತು. "ಅಕ್ಕಾ, ಇದು ನೀರು. ಇವಳ ಹೊಟ್ಟೆ ಇಷ್ಟೇ ಇಷ್ಟು. ಅದನ್ನ ನೀರಲ್ಲೇ ತುಂಬಿಸಿಬಿಟ್ಟರೆ ಊಟಕ್ಕೆ ಜಾಗ ಎಲ್ಲಿರುತ್ತೆ? ಚಮಚ ಓರೆ ಮಾಡಿದರೂ ಜಾರಬಾರದು, ಅಷ್ಟು ಗಟ್ಟಿ ಇರಲಿ" ಅಂದರು. ಆಮೇಲೆ ನನ್ನನ್ನೇ ಹಿತ್ತಲಿಗೆ ಕರೆದುಕೊಂಡು ಹೋಗಿ, ಅಲ್ಲಿದ್ದದ್ದನ್ನು ಒಂದೊಂದಾಗಿ ತೋರಿಸಿ, ಯಾವುದನ್ನು ಹೇಗೆ ಬೇಯಿಸಿ ನುರಿಯಬೇಕೆಂದು ಹೇಳಿದರು. ಮರುದಿನದಿಂದ ಬೇಯಿಸಿದ ಕುಂಬಳಕಾಯಿ, ಬೇಳೆ, ಸೊಪ್ಪು, ಮೇಲೆ ಒಂದು ಚಮಚ ಎಣ್ಣೆ. ದಿನಕ್ಕೊಂದು ಮೊಟ್ಟೆ. ಅಂಗಡಿಯಿಂದ ಏನೂ ತರಲಿಲ್ಲ. ಮುಂದಿನ ತಿಂಗಳು ತಕ್ಕಡಿಯಲ್ಲಿ ತೂಗಿದಾಗ ಗೆರೆ ಮೇಲಕ್ಕೆ ತಿರುಗಿತ್ತು. ಆ ನಕ್ಷೆಯ ಕಾರ್ಡನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

2022ರಲ್ಲಿ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 14.8 ಕೋಟಿ ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಂಠಿತರಾಗಿದ್ದರು. ಅವರಲ್ಲಿ ಎಷ್ಟೋ ಮಕ್ಕಳು ನನ್ನ ಮಗಳಂತೆ ಆಹಾರ ಇರುವ ಮನೆಯಲ್ಲೇ ಹಸಿದವರು ಎಂದು ನಾನು ಬಲವಾಗಿ ನಂಬಿದ್ದೇನೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆರು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಗಟ್ಟಿ ಊಟ. ಆರು ತಿಂಗಳಿಂದ ಎರಡು ವರ್ಷದವರೆಗಿನ ಮಗುವಿಗೆ ಎಂಟು ಬಗೆಯ ಆಹಾರಗಳಲ್ಲಿ ದಿನಕ್ಕೆ ಐದಾದರೂ ಸಿಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಎಂಟರಲ್ಲಿ ಎದೆಹಾಲೂ ಒಂದು. ಉಳಿದವು ಧಾನ್ಯ ಮತ್ತು ಗೆಡ್ಡೆ, ಕಾಳು, ಹಾಲು, ಮಾಂಸ-ಮೀನು, ಮೊಟ್ಟೆ, ವಿಟಮಿನ್ ಎ ಇರುವ ತರಕಾರಿ-ಹಣ್ಣು, ಬೇರೆ ತರಕಾರಿ-ಹಣ್ಣು. ಇವುಗಳಲ್ಲಿ ಯಾವುದನ್ನು ಕಾರ್ಖಾನೆಯಿಂದ ತರಬೇಕು ಹೇಳಿ?

ದೊಡ್ಡ ಮಟ್ಟದಲ್ಲೂ ಇದು ನಡೆದಿದೆ. ಮೊಜಾಂಬಿಕ್‌ನ ಜನ ಬಿಳಿ ತಿರುಳಿನ ಸಿಹಿಗೆಣಸು ತಿನ್ನುತ್ತಿದ್ದರು. ಅದರಲ್ಲಿ ವಿಟಮಿನ್ ಎ ಆಗುವ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಆ ವಿಟಮಿನ್ ಕೊರತೆಯಾದರೆ ಮಕ್ಕಳ ಕಣ್ಣೇ ಹೋಗಬಹುದು. ಅಲ್ಲಿ ಕಿತ್ತಳೆ ತಿರುಳಿನ ಗೆಣಸಿನ ಬಳ್ಳಿ ಹಂಚಿದರು, ಜೊತೆಗೆ ತಾಯಂದಿರಿಗೆ ಮಗುವಿಗೆ ಉಣಿಸುವ ಬಗೆ ಕಲಿಸಿದರು. ಜಾಂಬೇಜಿಯಾ ಪ್ರಾಂತ್ಯದಲ್ಲಿ ಅಳೆದು ನೋಡಿದಾಗ ಮಕ್ಕಳ ರಕ್ತದಲ್ಲಿ ವಿಟಮಿನ್ ಎ ಏರಿತ್ತು. ಈ ಕಿತ್ತಳೆ ಗೆಣಸು 125 ಗ್ರಾಂ ಇದ್ದರೆ ಪುಟ್ಟ ಮಗುವಿನ ಒಂದು ದಿನದ ವಿಟಮಿನ್ ಎ ಅಗತ್ಯಕ್ಕೆ ಸಾಕು. ಈ ಗೆಣಸಿನ ಹಿಂದೆ ದುಡಿದ ಮರಿಯಾ ಆಂಡ್ರಾಡೆ, ರಾಬರ್ಟ್ ಮ್ವಾಂಗಾ, ಜಾನ್ ಲೋ ಅವರಿಗೆ, ಬೆಳೆಗಳಲ್ಲೇ ಪೋಷಕಾಂಶ ಹೆಚ್ಚಿಸಲು ದುಡಿದ ಹೊವಾರ್ತ್ ಬೂಯಿಸ್ ಜೊತೆ 2016ರ ವಿಶ್ವ ಆಹಾರ ಪ್ರಶಸ್ತಿ ಬಂತು. ಬ್ರೆಜಿಲ್ 2009ರಲ್ಲಿ ಕಾನೂನನ್ನೇ ಮಾಡಿತು: ಶಾಲೆಯ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ನ್ನು ಸಣ್ಣ ರೈತ ಕುಟುಂಬಗಳ ಬೆಳೆ ಕೊಳ್ಳಲು ಬಳಸಬೇಕು ಎಂದು ಆಗ ವಿಧಿಸಿತು. ಮಗುವಿನ ತಟ್ಟೆಗೂ ರೈತನ ಮನೆಗೂ ಹಣ ಅದೇ.

ಇಂಥ ಮಾತಾಡಿದಾಗಲೆಲ್ಲ, ಊರಿನ ಬೆಳೆಯಲ್ಲಿ ಸಿಗದ ಅಯೋಡಿನ್ ಅನ್ನು ಉಪ್ಪಿಗೆ ಬೆರೆಸಿ ಹೊರಗಿನಿಂದಲೇ ಕೊಡಬೇಕಾಯಿತಲ್ಲ ಎಂದು ಅಯೋಡಿನ್ ಉಪ್ಪಿನ ಉದಾಹರಣೆ ಎತ್ತುವವರಿದ್ದಾರೆ. ಉಪ್ಪು ಊಟವಲ್ಲ, ಚಿಟಿಕೆ. ಚಿಟಿಕೆಯ ವಿಷಯ ಹಿಡಿದುಕೊಂಡು ಇಡೀ ಊಟವನ್ನು ಸಿದ್ಧ ಆಹಾರದ ಪೊಟ್ಟಣದವರ ಕೈಗೆ ಒಪ್ಪಿಸಲು ನಾನು ತಯಾರಿಲ್ಲ. ಪೊಟ್ಟಣ ಹಂಚುವವರು ಒಂದು ವರ್ಷ ಬರುತ್ತಾರೆ, ಹಣ ಮುಗಿದ ವರ್ಷ ಬರುವುದಿಲ್ಲ. ನನಗೆ ಚಮಚ ಓರೆ ಮಾಡಿ ತೋರಿಸಿದವರು ವರ್ಗವಾಗಿ ಹೋಗಿ ಎಷ್ಟೋ ವರ್ಷವಾಯಿತು. ಹೋದ ತಿಂಗಳು ನನ್ನ ನಾದಿನಿ ತನ್ನ ಮಗುವಿಗೆ ಉಣಿಸುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು, ಈಗ ಹದಿನಾಲ್ಕು ವರ್ಷದವಳು, ಚಮಚ ತೆಗೆದುಕೊಂಡು ಓರೆ ಮಾಡಿ ನೋಡಿದಳು.

ವಿರೋಧ
ಮಣ್ಣಿನಲ್ಲೇ ಇಲ್ಲದ್ದು

ಈ ಪಕ್ಷ ವಹಿಸಿ ಬರೆಯಿರಿ ಎಂದು ಕೇಳಿದಾಗ ಕೂಡಲೇ ಒಪ್ಪಲಿಲ್ಲ. ಕೃಷಿ ವಿಸ್ತರಣೆಯ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು, ಕೈತೋಟದ ಬೀಜಗಳನ್ನು ಮನೆಮನೆಗೆ ಹಂಚಿದವನು. ಕೈತೋಟ ಬೇಡ ಎನ್ನಲು ನನ್ನಿಂದಾಗದು. ಅದೇ ಮುಖ್ಯ ದಾರಿ ಎನ್ನುವುದಕ್ಕಷ್ಟೇ ನನ್ನ ತಕರಾರು.

ಊರಿನ ಬೆಳೆಯಲ್ಲಿ ಊರಿನ ಮಣ್ಣಿನ ಗುಣ ಇರುವಂತೆ ಅದರ ಕೊರತೆಯೂ ಇರುತ್ತದೆ. ಆಲ್ಪ್ಸ್ ಬೆಟ್ಟಗಳ ಮಣ್ಣಿನಲ್ಲಿ ಅಯೋಡಿನ್ ಇಲ್ಲವೆನ್ನುವಷ್ಟು ಕಡಿಮೆ. ಸ್ವಿಟ್ಜರ್ಲೆಂಡಿನ ಕಣಿವೆಗಳಲ್ಲಿ ತಲೆಮಾರುಗಳ ಕಾಲ ಜನ ತಮ್ಮದೇ ಹೊಲದ್ದು, ತಮ್ಮದೇ ಹಸುವಿನದ್ದು ಉಂಡರು. ಕುತ್ತಿಗೆಯಲ್ಲಿ ಗಳಗಂಡ ಬೆಳೆಯಿತು, ಬುದ್ಧಿ ಬೆಳೆಯದ, ಕಿವಿ ಕೇಳದ ಮಕ್ಕಳು ಹುಟ್ಟಿದರು. ಅವರನ್ನು ಕಾಪಾಡಿದ್ದು 1922ರಲ್ಲಿ ಅಲ್ಲಿ ಶುರುವಾದ ಅಯೋಡಿನ್ ಬೆರೆಸಿದ ಉಪ್ಪು. ಅಷ್ಟು ವರ್ಷ ಅಲ್ಲಿನ ತಾಯಂದಿರಿಗೆ ಏನು ಕಲಿಸಿದ್ದರೆ ಆ ಅಯೋಡಿನ್ ಹೊಲದಲ್ಲಿ ಹುಟ್ಟುತ್ತಿತ್ತು? ಚೀನಾದ ಕೆಶಾನ್‌ನಲ್ಲೂ ಇದೇ ಕತೆ. ಮಣ್ಣಿನಲ್ಲಿ ಸೆಲೆನಿಯಂ ಎಂಬ ಖನಿಜಾಂಶ ತೀರ ಕಡಿಮೆ ಇದ್ದ ಪ್ರದೇಶಗಳಲ್ಲಿ ಮಕ್ಕಳ ಹೃದಯದ ಸ್ನಾಯುವೇ ಕೆಡುತ್ತಿತ್ತು. ಹೊರಗಿನಿಂದ ಸೆಲೆನಿಯಂ ಕೊಟ್ಟ ಮೇಲೆ ಆ ಕಾಯಿಲೆ ಇಳಿಯಿತು.

ಬರ ಬಂದಾಗ ಊರಿನ ಬೆಳೆಯನ್ನೇ ನೆಚ್ಚಿಕೊಂಡವರ ಪಾಡು ಇನ್ನೂ ಕಷ್ಟ. ಗೆಣಸಿನ ಕತೆಗೆ ಹೆಸರಾದ ಅದೇ ಮೊಜಾಂಬಿಕ್‌ನಲ್ಲಿ, 1981ರ ಬರಗಾಲದಲ್ಲಿ ತಿನ್ನಲು ಉಳಿದದ್ದು ಕಹಿ ಮರಗೆಣಸು. ಅದನ್ನು ಸರಿಯಾಗಿ ನೆನೆಸಿ ಒಣಗಿಸುವಷ್ಟು ಕಾಲ ಹಸಿದ ಮನೆಗಳಿಗಿರಲಿಲ್ಲ. ಅದರ ಸಯನೈಡ್ ಅಂಶದಿಂದ ಸಾವಿರಕ್ಕೂ ಹೆಚ್ಚು ಜನರ ಕಾಲು ಸೆಟೆದುಹೋದವು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು.

ಮಗು ತೀರಾ ಸೊರಗಿದ ಮೇಲಂತೂ ಹಿತ್ತಲಿನತ್ತ ನೋಡಿ ಪ್ರಯೋಜನವಿಲ್ಲ. ಫ್ರಾನ್ಸಿನ ಆಂಡ್ರೆ ಬ್ರಿಯಾಂಡ್ 1996ರಲ್ಲಿ ರೂಪಿಸಿದ ಶೇಂಗಾ-ಹಾಲುಪುಡಿಯ ಸಿದ್ಧ ಪೇಸ್ಟ್ ನೀರು ಬೇಡದ, ಒಲೆ ಬೇಡದ ಚಿಕಿತ್ಸೆ. ಅದು ಬಂದ ಮೇಲೆ ಅಂಥ ಎಷ್ಟೋ ಮಕ್ಕಳು ಆಸ್ಪತ್ರೆಯ ಹಾಸಿಗೆ ಹಿಡಿಯದೆ ಮನೆಯಲ್ಲೇ ಚೇತರಿಸಿಕೊಂಡರು. ಹಿತ್ತಲಲ್ಲಿ ನಾಲ್ಕು ಮಡಿ ಸೊಪ್ಪು ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಆ ಮಗುವಿನ ಮುಂದೆ ನಿಂತು ಅದನ್ನು ಹೇಳಲಿ.

ಕೈತೋಟದಂಥ ಕೃಷಿ ಯೋಜನೆಗಳ 23 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2012ರ ಒಂದು ವಿಮರ್ಶೆಯಲ್ಲಿ, ತಟ್ಟೆಗೆ ಆ ಬೆಳೆ ಹೆಚ್ಚು ಬಂದದ್ದು ಕಂಡಿತು, ಮಕ್ಕಳ ಎತ್ತರ ಹೆಚ್ಚಿದ್ದಕ್ಕೆ ಆಧಾರ ಸಿಕ್ಕಿದ್ದು ತೀರ ಕಡಿಮೆ. ಕೋಳಿಯೂ ಹಾಗೇ. ಇಥಿಯೋಪಿಯಾದಲ್ಲಿ ಕೋಳಿ ಸಾಕಿದ ಮನೆಗಳ ಮಕ್ಕಳು ಸ್ವಲ್ಪ ಎತ್ತರವಾಗಿದ್ದರು, ಆದರೆ ರಾತ್ರಿ ಕೋಳಿಗಳನ್ನು ಮನೆಯೊಳಗೇ ಕೂಡುವ ಕಡೆ ಬೆಳವಣಿಗೆ ಹಿಂದೆ ಬಿದ್ದಿತ್ತು.

ತಿಳಿವಳಿಕೆಯ ಬಗ್ಗೆ ಹೆಚ್ಚು ಹೇಳಲು ನನ್ನ ಬಳಿ ಇಲ್ಲ. ಡಬ್ಬಿಯಲ್ಲಿ ಬೇಳೆಯೇ ಇಲ್ಲದವಳಿಗೆ ಬೇಳೆಯ ಗುಣ ಹೇಳಿದರೆ ಏನು ಬಂತು?

ನಾವು ಕೈತೋಟಗಳ ಲೆಕ್ಕ ಬರೆಯುತ್ತಿದ್ದದ್ದು ಮಳೆಗಾಲದಲ್ಲಿ. ಒಂದು ಬೇಸಿಗೆಯಲ್ಲಿ ಬೇರೆ ಕೆಲಸಕ್ಕೆ ಹೋದವನು, ನಮ್ಮ ಪಟ್ಟಿಯಲ್ಲಿ ಮೊದಲ ಹೆಸರಿದ್ದ ಮನೆಗೂ ಹೋಗಿಬಂದೆ. ಮಡಿಗಳು ಬಿರುಕು ಬಿಟ್ಟಿದ್ದವು. ಆ ತಾಯಿ ಸೊಂಟದಲ್ಲೊಂದು ಮಗು, ತಲೆಯ ಮೇಲೊಂದು ಕೊಡ ಹೊತ್ತು ದೂರದಿಂದ ಬರುತ್ತಿದ್ದಳು. ಕೊಡ ಇಳಿಸುವ ಮೊದಲೇ, "ತೋಟ ಒಣಗಿಸಿಬಿಟ್ಟೆ ಸಾರ್, ತಪ್ಪಾಯ್ತು" ಅಂದಳು.