ಒಂದು ನೆರಳಿಗೆ ನೂರಹನ್ನೆರಡು ಚೀಟಿ

ಬೇಸಿಗೆ ಬಂತೆಂದರೆ ಕಲಬುರಗಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲಿನ ವಿಷಯದಲ್ಲಿ ಆಡಳಿತಕ್ಕೆ ಇಷ್ಟು ಖಚಿತ ಜ್ಞಾನವಿರುವ ಊರಿನಲ್ಲಿ, ಒಂದು ತಂಗುದಾಣದಲ್ಲಿ ಬಸ್ಸಿಗೆ ಕಾಯುವವರಿಗೆ ನೆರಳು ಒದಗಿಸುವುದು ಹೇಗೆಂದು ತಿಳಿಯಲು ಕಳೆದ ಏಪ್ರಿಲ್‌ನಲ್ಲಿ ಒಂದು ಕಚೇರಿ ‘ಡಿಸೈನ್ ಥಿಂಕಿಂಗ್’, ಅಂದರೆ ಬಳಸುವವರ ಕಷ್ಟದಿಂದ ಶುರುಮಾಡಿ ಪರಿಹಾರ ಹುಡುಕುವ ವಿಧಾನದ, ಕಾರ್ಯಾಗಾರ ಏರ್ಪಡಿಸಿತ್ತು. ನಾಗರಿಕ ಪ್ರತಿನಿಧಿಯ ಕುರ್ಚಿಯೊಂದು ಖಾಲಿ ಉಳಿದದ್ದರಿಂದ ನನಗೆ ಕರೆ ಬಂತು. ಸೂಸಲಾ, ಮಿರ್ಚಿ ಭಜಿ ಇದೆ ಎಂದದ್ದರಿಂದ ನಾನು ಹೋದೆ.

ಬೆಂಗಳೂರಿನಿಂದ ಬಂದ ತರಬೇತುದಾರರು ನಾಲ್ಕು ನಿಯಮ ಹೇಳಿದರು: ಟೀಕೆಯನ್ನು ಮುಂದೂಡಿ, ರಾಶಿ ರಾಶಿ ಐಡಿಯಾ ಕೊಡಿ, ಹುಚ್ಚು ಐಡಿಯಾಗಳಿಗೂ ಸ್ವಾಗತ, ಒಬ್ಬರ ಐಡಿಯಾದ ಮೇಲೆ ಇನ್ನೊಬ್ಬರು ಕಟ್ಟಿ. ಇವು ಅಮೆರಿಕದ ಜಾಹೀರಾತು ಕಂಪನಿಯೊಂದನ್ನು ನಡೆಸಿದ ಅಲೆಕ್ಸ್ ಆಸ್ಬಾರ್ನ್ 1953ರ ತನ್ನ ಪುಸ್ತಕದಲ್ಲಿ ಪ್ರಚಾರಕ್ಕೆ ತಂದ ನಿಯಮಗಳು. ಮುಂದೂಡುವುದು ನಮ್ಮ ಕಚೇರಿಗಳಿಗೆ ಹೊಸ ವಿದ್ಯೆಯಲ್ಲವಾದ್ದರಿಂದ ಮೊದಲ ನಿಯಮವನ್ನು ಎಲ್ಲರೂ ಚಪ್ಪಾಳೆಯೊಂದಿಗೆ ಒಪ್ಪಿದರು. ಒಟ್ಟಿಗೆ ಕೂತು ಕೂಗುವುದಕ್ಕಿಂತ ಅಷ್ಟೇ ಜನ ಬೇರೆ ಬೇರೆ ಕೂತು ಯೋಚಿಸಿದರೆ ಹೆಚ್ಚು ಐಡಿಯಾ ಹುಟ್ಟುತ್ತವೆಂದು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 1958ರಲ್ಲೇ ತೋರಿಸಿದ್ದರು. ಆದರೆ ಬೇರೆ ಬೇರೆ ಕೂತವರ ಗ್ರೂಪ್ ಫೋಟೊ ತೆಗೆಯುವುದಾದರೂ ಹೇಗೆ?

ಮೂರು ಗಂಟೆಯಲ್ಲಿ ನೂರಹನ್ನೆರಡು ಹಳದಿ ಚೀಟಿಗಳು ಗೋಡೆ ಏರಿದವು. ಈ ಚೀಟಿಯ ಅಂಟಿಗೂ ಒಂದು ಕಥೆಯಿದೆ: 1968ರಲ್ಲಿ 3ಎಂ ಕಂಪನಿಯ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಮಾಡಹೊರಟಾಗ ಸಡಿಲ ಅಂಟು ಸಿಕ್ಕಿತ್ತು. ಆ ಸಡಿಲ ಅಂಟು, ಬಿಡಿಬಿಡಿಯಾಗಿ ಉದುರುವ ಸುಣ್ಣ, ಎದುರಿಗೆ ಗುಡುಗುವ ಕೂಲರ್ ಇವು ಮೂರೂ ಸೇರಿದ ಮೇಲೆ ಐದು ನಿಮಿಷಕ್ಕೊಮ್ಮೆ ಹತ್ತಾರು ಐಡಿಯಾಗಳು ನೆಲಕ್ಕೆ ಬೀಳುತ್ತಿದ್ದವು. ಟೀಕೆ ನಿಷಿದ್ಧವಾಗಿದ್ದ ಆ ಸಭೆಯಲ್ಲಿ ಧೈರ್ಯವಾಗಿ ಟೀಕಿಸಿದ್ದು ಕೂಲರ್ ಒಂದೇ.

ನಡುವೆ ಹಿರಿಯ ಅಧಿಕಾರಿಯೊಬ್ಬರು ಎದ್ದು, ಇಂಥ ಕಾರ್ಯಾಗಾರ ಹನ್ನೆರಡನೆಯ ಶತಮಾನದಲ್ಲೇ ನಮ್ಮ ಬಸವಕಲ್ಯಾಣದ ಅನುಭವ ಮಂಟಪದಲ್ಲಿ ನಡೆದಿತ್ತೆಂದು ಹೆಮ್ಮೆಪಟ್ಟರು. ಅಲ್ಲಿ ಶೂನ್ಯ ಸಿಂಹಾಸನದ ಮೇಲಿದ್ದ ಅಲ್ಲಮಪ್ರಭುಗಳು ಬಂದವರ ಮಾತನ್ನು ಮುಖದ ಮೇಲೇ ಒರೆಗೆ ಹಚ್ಚುತ್ತಿದ್ದರೆಂಬುದನ್ನೂ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯನವರು ಅಲ್ಲಿ ಮಾತಾಡಲು ಕೂತಿದ್ದರೇ ಹೊರತು ಚಹಾ ಹಂಚಲು ಅಲ್ಲವೆಂಬುದನ್ನೂ ಅವರು ಹೇಳಲಿಲ್ಲ. ಅದೇ ಹೊತ್ತಿಗೆ ಚಹಾದ ಕೆಟಲಿ ಹಿಡಿದು ಬಂದ ಮುದುಕರು ಗೋಡೆ ನೋಡಿ, “ಸಾಹೇಬ್ರ, ಆ ಶೆಡ್ಡಿನ ಮಾರಿ ಹೊತ್ತು ಮುಣುಗೋ ಕಡಿಗದ. ಮೂರರ ಮ್ಯಾಲ ಒಳಗ ಕುಂತ್ರ ಬಿಸಲು, ಹಿಂದ ನಿಂತ್ರ ನೆಳ್ಳು. ಮುಂದ ಒಂದು ತಟ್ಟಿ ಕಟ್ರಿ, ಸಾಕು” ಎಂದರು.

ಸಭೆ ಕ್ಷಣಕಾಲ ಸ್ತಬ್ಧವಾಯಿತು. ತರಬೇತುದಾರರು ಮುಗುಳ್ನಕ್ಕು, ಇದು ‘ಪರಿಹಾರ’ವಾಯಿತು, ನಾವಿನ್ನೂ ‘ಐಡಿಯಾ’ದ ಹಂತದಲ್ಲಿದ್ದೇವೆ ಎಂದು ತಿದ್ದಿ, ಆ ಮಾತನ್ನು ಚೀಟಿಯಲ್ಲಿ ಬರೆದು ಆಮೇಲೆ ನೋಡೋಣವೆಂದು ಬದಿಗಿಡುವ ಮಾತುಗಳ ‘ಪಾರ್ಕಿಂಗ್’ ಎಂಬ ಬೇರೆ ಹಲಗೆಗೆ ಅಂಟಿಸಿದರು. ನಮ್ಮ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಸಿಗದ ಪಾರ್ಕಿಂಗ್ ಜಾಗ ಹೀಗೆ ಆ ಮಾತಿಗೆ ಮಾತ್ರ ಧಾರಾಳವಾಗಿ ಸಿಕ್ಕಿತು.

ಹುಟ್ಟಿಸಲು ಮೂರು ಗಂಟೆ ಹಿಡಿದದ್ದನ್ನು ಆರಿಸಲು ಉಳಿದದ್ದು ಹತ್ತು ನಿಮಿಷ, ಏಕೆಂದರೆ ಗಡಿಯಾರ 1.20 ತೋರಿಸುತ್ತಿತ್ತು. ತಲೆಗೆ ಮೂರರಂತೆ ಕೆಂಪು ಚುಕ್ಕಿ ಹಂಚಿ, ಮೆಚ್ಚಿದ ಐಡಿಯಾಕ್ಕೆ ಅಂಟಿಸಲು ಹೇಳಿದರು. ಹಿರಿಯರ ಒಲವು ಉಳಿದವರನ್ನು ಎಳೆಯದಿರಲೆಂದು ಚುಕ್ಕಿಯನ್ನು ಎಲ್ಲರೂ ಒಮ್ಮೆಗೇ ಇಡಬೇಕು, ಇಲ್ಲವೇ ದೊಡ್ಡ ಸಾಹೇಬರು ಕೊನೆಗೆ ಇಡಬೇಕು ಎಂಬುದು ಈ ವಿದ್ಯೆ ಬಲ್ಲವರ ಸಲಹೆ. ಇಲ್ಲಿ ಸಾಹೇಬರೇ ಮೊದಲು ಎದ್ದು ‘ಡಿಜಿಟಲ್ ಉಷ್ಣಾಂಶ ಫಲಕ’ ಎಂಬ ಚೀಟಿಯ ಮೇಲೆ ಮೂರೂ ಚುಕ್ಕಿಗಳನ್ನು ಒತ್ತಿದರು. ಎರಡೇ ನಿಮಿಷದಲ್ಲಿ ಆ ಚೀಟಿಗೆ ಸಿಡುಬು ಎದ್ದಂತಾಯಿತು. ಫಲಕದ ಅಂದಾಜು ಪಟ್ಟಿ ಮೊದಲೇ ಸಿದ್ಧವಿತ್ತೆಂದು ಗುಮಾಸ್ತರೊಬ್ಬರು ಮೆಟ್ಟಿಲು ಇಳಿಯುವಾಗ ಹೇಳಿದರು. ಚರ್ಚೆಯಾಗಲಿಲ್ಲವೆಂಬ ಆಕ್ಷೇಪಣೆ ಬಾರದಿರಲೆಂದು ಚರ್ಚೆ ನಡೆಸಲಾಯಿತಂತೆ.

ಈಗ ಆ ತಂಗುದಾಣದ ಹಣೆಯ ಮೇಲೆ 43 ಎಂದು ಕೆಂಪು ಅಂಕಿಗಳು ಹೊಳೆಯುತ್ತವೆ. ಅದನ್ನು ಓದಬೇಕೆಂದರೆ ಮುಂದೆ ಬಂದು ಬಿಸಿಲಲ್ಲಿ ನಿಲ್ಲಬೇಕು. ಜನ ಎಂದಿನಂತೆ ಶೆಡ್ಡಿನ ಹಿಂದಿನ ನೆರಳಲ್ಲಿ ಸಾಲಾಗಿ ನಿಂತು, ಬಸ್ಸು ಬಂತೇ ಎಂದು ಕತ್ತು ಚಾಚಿ ನೋಡುತ್ತಿದ್ದಾರೆ.