ಮರದ ಪೆನ್ನಿನಲ್ಲಿ ಮರವೆಷ್ಟು?

ಮರವನ್ನು ಗಿರಗಿರನೆ ತಿರುಗಿಸಿ ಕಡೆಯುವ ಲೇತ್ ಯಂತ್ರವನ್ನು ಹವ್ಯಾಸಕ್ಕೆಂದು ತಂದಿರಿಸಿಕೊಂಡವರಲ್ಲಿ ಬಹಳಷ್ಟು ಮಂದಿ ಮೊದಲು ಮಾಡಹೊರಡುವುದು ಒಂದು ಪೆನ್ನನ್ನು. ಬಟ್ಟಲು ಕಡೆಯಬೇಕೆಂದರೆ ದಪ್ಪ ದಿಮ್ಮಿ ಬೇಕು. ಮೇಜಿನ ಕಾಲು ಕಡೆಯಹೊರಟರೆ ಒಂದರಂತೆಯೇ ಇರುವ ಇನ್ನೂ ಮೂರನ್ನು ಕಡೆಯುವ ಶಿಕ್ಷೆ ಕಾದಿರುತ್ತದೆ. ಪೆನ್ನಿಗಾದರೆ ಹೆಬ್ಬೆರಳಿನ ದಪ್ಪದ, ಗೇಣಿಗಿಂತ ಗಿಡ್ಡನೆಯ ತುಂಡೊಂದು ಸಾಕು, ಮತ್ತು ಎಲ್ಲವೂ ನೆಟ್ಟಗೆ ನಡೆದರೆ ಒಂದು ಸಂಜೆಯೊಳಗೆ ಅದು ಜೇಬು ಸೇರುತ್ತದೆ. ಕೈಬರಹವೆಂಬುದು ಸಹಿ ಹಾಕುವಷ್ಟಕ್ಕೆ ಇಳಿದಿರುವ ಈ ಕಾಲದಲ್ಲಿ ಪೆನ್ನು ಮಾಡುವವರ ಉತ್ಸಾಹ ಮಾತ್ರ ಕಿಂಚಿತ್ತೂ ಇಳಿದಿಲ್ಲ ಎಂಬುದು ಸೋಜಿಗವೇ ಸರಿ. ನಾನೂ ಆ ಉತ್ಸಾಹಿಗಳ ಸಾಲಿನಲ್ಲಿ ನಿಂತವನಾದ್ದರಿಂದ ಅದನ್ನು ಗೇಲಿ ಮಾಡುವ ಅಧಿಕಾರ ನನಗೆ ತುಸು ಹೆಚ್ಚಾಗಿಯೇ ಇದೆ.

ಆದರೆ ಈ ಕೆಲಸಕ್ಕೆ ಕೈಹಾಕಿದ ಮೇಲೆ ನನ್ನನ್ನು ಬಿಡದೆ ಹಿಡಿದ ಪ್ರಶ್ನೆಯೇ ಬೇರೆ. ಹೆಮ್ಮೆಯಿಂದ ಮರದ ಪೆನ್ನು ಎಂದು ಹೇಳಿಕೊಳ್ಳುವ ಈ ವಸ್ತುವಿನಲ್ಲಿ ಮರವಾದರೂ ಎಷ್ಟಿದೆ? ಹೊಸಬರಿಗೆ ಸಾಮಾನ್ಯವಾಗಿ ಸೂಚಿಸುವ ತೆಳ್ಳನೆಯ ಮಾದರಿಯ ಕಿಟ್ ಕೊಂಡರೆ ಅದರಲ್ಲಿ ಮೊನೆ, ತಿರುಗಿಸಿದಾಗ ಕಡ್ಡಿಯನ್ನು ಹೊರಗೆ ತರುವ ಯಂತ್ರಾಂಗ, ನಡುಪಟ್ಟಿ, ಕ್ಲಿಪ್ಪು, ತಲೆಯ ಮೇಲಿನ ಮುಚ್ಚಳ, ರೀಫಿಲ್ಲು, ಜೊತೆಗೆ 7 ಮಿಲಿಮೀಟರ್ ದಪ್ಪದ ಎರಡು ಹಿತ್ತಾಳೆ ಕೊಳವೆಗಳು ಇರುತ್ತವೆ. ನಾವು ಒದಗಿಸಬೇಕಾದದ್ದು ಆ ಕೊಳವೆಗಳ ಮೇಲಿನ ಹೊದಿಕೆಯನ್ನು ಮಾತ್ರ. ಸುಮಾರು 19 ಮಿಲಿಮೀಟರ್ ಅಗಲದ ಚೌಕನೆಯ ತುಂಡನ್ನು 10 ಮಿಲಿಮೀಟರ್ ದಪ್ಪಕ್ಕೆ ಕಡೆದರೆ, ನಡುವಿನ ತೂತನ್ನೂ ಕಳೆದು ಉಳಿಯುವ ಮರ ಮೊದಲಿದ್ದುದರ ಒಂಬತ್ತನೆಯ ಒಂದು ಪಾಲು. ತುದಿಗಳಲ್ಲಿ ಲೋಹದ ಭಾಗಗಳಿಗೆ ಸಮವಾಗಿ ಇಳಿಸಬೇಕಾದ ಕಡೆ ಮರದ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಬರೆಯುವ ಅಂಗಗಳೆಲ್ಲ ಕಾರ್ಖಾನೆಯವು, ಗಟ್ಟಿತನ ಹಿತ್ತಾಳೆಯದು. ಮರವೆಂಬುದು ಹಿತ್ತಾಳೆಗೆ ತೊಡಿಸಿದ ಒಂದು ತೆಳುವಾದ ಅಂಗಿ. ಇದನ್ನು ತಿಳಿದ ಮೇಲೆ ಉತ್ಸಾಹ ಕುಗ್ಗಬೇಕಿತ್ತು. ನನ್ನಲ್ಲಿ ಅದು ಹೆಚ್ಚಿತು, ಏಕೆಂದರೆ ಒಂದು ಮಿಲಿಮೀಟರಿಗಿಂತ ತೆಳ್ಳಗಿನ ಮರವನ್ನು ಒಡೆಯದಂತೆ ಉಳಿಸಿಕೊಳ್ಳುವುದು ದಿಮ್ಮಿಯಿಂದ ಬಟ್ಟಲು ತೆಗೆಯುವುದಕ್ಕಿಂತ ಸುಲಭವೆಂದು ನನಗೆ ಅನ್ನಿಸುವುದಿಲ್ಲ.

ಬೇರೆ ಕೆತ್ತನೆಗಳಲ್ಲಿ ಆಕಾರ ಮೊದಲು, ತೂತು ಆಮೇಲೆ. ಇಲ್ಲಿ ತೂತೇ ಮೊದಲು, ಪೆನ್ನು ಅದರ ಸುತ್ತ ಹುಟ್ಟುತ್ತದೆ. ಆದ್ದರಿಂದ ಆ ತೂತಿನ ಗುಣವೇ ಪೆನ್ನಿನ ಗುಣ. ತುಂಡನ್ನು ಎರಡಾಗಿ ಕೊಯ್ಯುವ ಮೊದಲು, ಕೊಯ್ಯುವ ಜಾಗದ ಮೇಲೆ ಹಾಯುವಂತೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಕೊನೆಯಲ್ಲಿ ಯಾವ ತುದಿ ಯಾವುದಕ್ಕೆ ಎದುರಾಗಬೇಕೆಂಬುದು ಮರೆತುಹೋಗಿ, ಮೇಲರ್ಧದ ಎಳೆಗಳು ಒಂದು ದಿಕ್ಕಿಗೂ ಕೆಳಗಿನರ್ಧದವು ಇನ್ನೊಂದು ದಿಕ್ಕಿಗೂ ಹೋಗುತ್ತವೆ. ತುಂಡುಗಳು ಕೊಳವೆಗಿಂತ ಒಂದಿಷ್ಟು ಉದ್ದವಾಗಿರಬೇಕು. ಡ್ರಿಲ್ಲಿನ ಮೊನೆ ಆಚೆ ಬದಿಗೆ ಹೊರಬೀಳುವಾಗ ಅಲ್ಲಿನ ಮರವನ್ನು ಸಿಬಿರೆಬ್ಬಿಸಿ ಕಿತ್ತುಕೊಂಡು ಹೋಗುವುದುಂಟು, ಆ ನಷ್ಟವನ್ನು ಭರಿಸಲು ಅಷ್ಟು ಉದ್ದ ಬೇಕು. ಕೊರೆಯುವಾಗ ಒಂದೇ ಉಸಿರಿಗೆ ಒತ್ತಿಬಿಡುವವರು ಬೇಗ ಮುಗಿಸುವುದು ಕೆಲಸವನ್ನಲ್ಲ, ಮರವನ್ನು. ಹೊಟ್ಟು ಒಳಗೇ ಸಿಕ್ಕಿಕೊಂಡರೆ ತಿಕ್ಕಾಟದಿಂದ ಕಾವೇರುತ್ತದೆ, ಕರಿಮರದಂಥ ಬಿಗಿಯಾದ ಮರ ಆ ಕಾವಿಗೇ ಬಿರುಕು ಬಿಡುತ್ತದೆ. ಸ್ವಲ್ಪ ಕೊರೆದು, ಡ್ರಿಲ್ಲನ್ನು ಹೊರಗೆಳೆದು, ಹೊಟ್ಟು ಉದುರಿಸಿ, ಮತ್ತೆ ಸ್ವಲ್ಪ ಕೊರೆಯುವ ತಾಳ್ಮೆಗೆ ಬೇರೆ ದಾರಿಯೇ ಇಲ್ಲ.

ಅಂಟಿನ ವಿಷಯದಲ್ಲಿ ಎರಡು ಪಂಗಡಗಳಿವೆ. ಸೂಪರ್ ಗ್ಲೂ ಪಂಗಡದವರಿಗೆ ಕಾಯುವ ಅಭ್ಯಾಸವಿಲ್ಲ; ಆದರೆ ಕೊಳವೆ ಅರ್ಧ ಒಳಗೆ ಹೋಗಿ ಅರ್ಧ ಹೊರಗಿರುವಾಗಲೇ ಅಂಟು ಹಿಡಿದುಬಿಟ್ಟರೆ, ಆ ಮೇಲೆ ಅದನ್ನು ಒಳಗೆ ನೂಕುವ ಪ್ರಯತ್ನ ವ್ಯರ್ಥ. ಎರಡು ದ್ರವಗಳನ್ನು ಕಲಸಿ ಹಚ್ಚುವ ಎಪಾಕ್ಸಿ ನಿಧಾನದ್ದು, ಸಣ್ಣಪುಟ್ಟ ಸಂದುಗಳನ್ನೂ ತುಂಬುತ್ತದೆ. ನನ್ನ ಮತ ಅದಕ್ಕೆ. ಯಾವುದನ್ನು ಬಳಸಿದರೂ ಕೊಳವೆಯ ಹೊಳಪನ್ನು ಮರಳುಕಾಗದದಿಂದ ಉಜ್ಜಿ ಒರಟಾಗಿಸಬೇಕು, ಮತ್ತು ಬೀಟೆಯಂಥ ಎಣ್ಣೆಯ ಮರವಾದರೆ ತೂತಿನ ಒಳಮೈಯನ್ನು ಅಸಿಟೋನಿನಿಂದ ಒರೆಸಿಕೊಳ್ಳಬೇಕು. ಅಂಟು ಒಣಗಿದ ಮೇಲೆ ಕೊಳವೆಯೊಳಗೆ ಕಡ್ಡಿ ತೂರಿಸಿ ತಿರುಗಿಸುವ ಸಾಧನವೊಂದರಿಂದ ಎರಡು ತುದಿಗಳನ್ನೂ ಸಪಾಟಾಗಿ ಹೆರೆಯುತ್ತಾರೆ. ಹಿತ್ತಾಳೆಯ ಅಂಚು ಹೊಳೆದ ಕ್ಷಣವೇ ನಿಲ್ಲಿಸಬೇಕು. ಅದಕ್ಕೂ ಮುಂದೆ ಹೋದರೆ ಮೋಟಾಗುವುದು ಕೊಳವೆ. ಕೊಳವೆ ಮೋಟಾದರೆ ರೀಫಿಲ್ಲಿನ ಮೊನೆ ಒಳಗೆ ಸೇರದೆ ಸದಾ ಹೊರಗಿಣುಕುತ್ತಿರುತ್ತದೆ.

ಇಷ್ಟು ಹೊತ್ತಾದರೂ ಲೇತ್ ಓಡಿಲ್ಲ ಎಂಬುದನ್ನು ಗಮನಿಸಬೇಕು. ಕಡೆಯುವ ಹಂಬಲದಿಂದ ಬಂದವನು ಕೊಯ್ಯುವುದು, ಕೊರೆಯುವುದು, ಅಂಟಿಸುವುದು, ಕಾಯುವುದು ಇವುಗಳಲ್ಲೇ ಕಾಲ ಕಳೆದಿರುತ್ತಾನೆ. ಈಗ ತುಂಡುಗಳನ್ನು ಮ್ಯಾಂಡ್ರೆಲ್ ಎಂಬ ಉದ್ದನೆಯ ಉಕ್ಕಿನ ಕಡ್ಡಿಗೆ ಪೋಣಿಸಿ, ಅವುಗಳ ನಡುವೆಯೂ ಎರಡು ಬದಿಗಳಲ್ಲಿಯೂ ಬುಷ್ ಎಂಬ ಉಕ್ಕಿನ ಬಳೆಗಳನ್ನಿಟ್ಟು, ತುದಿಯ ನಟ್ಟನ್ನು ಬಿಗಿಯುತ್ತಾರೆ. ಮರದ ತುದಿಗಳನ್ನು ಎಷ್ಟು ದಪ್ಪಕ್ಕೆ ಇಳಿಸಬೇಕೆಂಬುದಕ್ಕೆ ಈ ಬಳೆಗಳೇ ಅಳತೆ. ಇಲ್ಲಿ ಹೊಸಬನ ಭಯವೇ ಅವನ ಶತ್ರು: ತುಂಡು ಹಾರಿಹೋದೀತೆಂದು ಶಕ್ತಿಯೆಲ್ಲ ಹಾಕಿ ಬಿಗಿದರೆ ಅಥವಾ ಎದುರಿನ ಆಸರೆಯನ್ನು ಬಲವಾಗಿ ಒತ್ತಿದರೆ ತೆಳ್ಳನೆಯ ಕಡ್ಡಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಮತ್ತು ಮರ ಒಂದು ಬದಿಗೆ ದಪ್ಪಗೂ ಇನ್ನೊಂದು ಬದಿಗೆ ತೆಳ್ಳಗೂ ಆಗುತ್ತದೆ. ಜಾರದಷ್ಟು ಬಿಗಿ ಸಾಕು.

ಉಳಿದೆಲ್ಲ ಮರಗೆಲಸದಲ್ಲಿ ಮರ ಸುಮ್ಮನಿರುತ್ತದೆ, ಉಪಕರಣ ಓಡಾಡುತ್ತದೆ. ಲೇತಿನಲ್ಲಿ ಮರವೇ ಕುಣಿಯುತ್ತದೆ, ಉಳಿ ಹಿಡಿದವನು ನಿಶ್ಚಲನಾಗಿ ನಿಲ್ಲಬೇಕು. ಪೆನ್ನಿನ ತುಂಡು ಸಣ್ಣದಾದ್ದರಿಂದ ಅದನ್ನು ನಿಮಿಷಕ್ಕೆ 2000ದಿಂದ 3000 ಸುತ್ತುಗಳಷ್ಟು ವೇಗದಲ್ಲಿ ತಿರುಗಿಸುವುದು ರೂಢಿ. ಕೇಳಿದರೆ ಎದೆ ನಡುಗಿಸುವ ಸಂಖ್ಯೆ. ಆದರೆ ಉಳಿಗೆ ಮುಖ್ಯವಾದದ್ದು ಮರದ ಹೊರಮೈಯ ವೇಗ, ಮತ್ತು ವ್ಯಾಸ ಅರ್ಧಕ್ಕಿಳಿದರೆ ಆ ವೇಗವೂ ಅರ್ಧವಾಗುತ್ತದೆ. ಅದಕ್ಕೇ ಚೌಕ ಉರುಟಾಗುವವರೆಗೆ ನಿಧಾನವಾಗಿ ತಿರುಗಿಸಿ, ತೆಳ್ಳಗಾದಂತೆ ವೇಗ ಹೆಚ್ಚಿಸುತ್ತಾರೆ. ಮುಖಕ್ಕೆ ರಕ್ಷಣೆಯ ಹಾಳೆ ಇರಬೇಕು, ತೋಳಿನ ಬಟ್ಟೆ ಸಡಿಲವಾಗಿರಬಾರದು, ಸ್ವಿಚ್ ಒತ್ತುವ ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿ ತುಂಡಿನ ಮೂಲೆ ಉಳಿಯ ಆಸರೆಗೆ ತಗಲುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಉಳಿಯ ಇಳಿಜಾರು ಮೈಯನ್ನು ಮೊದಲು ಮರಕ್ಕೆ ತಾಗಿಸಿ, ಹಿಡಿಯನ್ನು ಮೆಲ್ಲನೆ ಮೇಲೆತ್ತಿದರೆ ಬಾಯಿ ತಾನಾಗಿ ಕಚ್ಚುತ್ತದೆ. ಚೌಕದ ನಾಲ್ಕು ಮೂಲೆಗಳು ಉಳಿಗೆ ಬಡಿಯುವ ಟಕಟಕ ಸದ್ದು ಕ್ರಮೇಣ ಒಂದೇ ಶ್ರುತಿಗೆ ಬಂದು ನಿಲ್ಲುವ ಆ ಗಳಿಗೆಗಾಗಿಯೇ ಇಷ್ಟೆಲ್ಲ ಸಿದ್ಧತೆ ಎಂದರೆ ಅತಿಶಯೋಕ್ತಿಯಲ್ಲ.

ಓರೆ ಬಾಯಿಯ ಉಳಿಯನ್ನು ಬಲ್ಲವರು ಹಿಡಿದರೆ ಮರಳುಕಾಗದದ ಅಗತ್ಯವೇ ಇಲ್ಲದಂಥ ನುಣುಪು ಬರುತ್ತದೆ. ಅರೆಬರೆ ಕಲಿತವರು ಹಿಡಿದರೆ ಅದರ ಮೂಲೆ ಮರಕ್ಕೆ ಸಿಕ್ಕಿ ಸುರುಳಿಯಾಕಾರದ ಗಾಯ ಮಾಡುತ್ತದೆ. ಕಾರ್ಬೈಡ್ ಎಂಬ ಬಲು ಗಟ್ಟಿ ವಸ್ತುವಿನ, ಬದಲಾಯಿಸಬಹುದಾದ ಬಿಲ್ಲೆಯ ಉಪಕರಣಗಳನ್ನು ಸಾಣೆ ಹಿಡಿಯುವ ತೊಂದರೆಯಿಲ್ಲ, ಅವು ಕೆರೆದು ಕೆಲಸ ಮಾಡುತ್ತವೆ. ಅವನ್ನು ಬಳಸುವವರನ್ನು ಕೀಳಾಗಿ ಕಾಣುವ ಹಿರಿಯರಿದ್ದಾರೆ. ಆದರೆ ಪೆನ್ನಿನ ಕ್ಲಿಪ್ಪು ಮೊನೆಗಳನ್ನೆಲ್ಲ ಕಾರ್ಖಾನೆಯಿಂದ ತರಿಸಿಕೊಂಡವರು ಉಪಕರಣದ ವಿಷಯದಲ್ಲಿ ಮಡಿವಂತಿಕೆ ತೋರುವುದು ನನಗೆ ಒಪ್ಪಿತವಲ್ಲ.

ಬುಷ್ಷಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿರುವಾಗಲೇ ಉಳಿಯನ್ನು ಕೆಳಗಿಡಬೇಕು, ಉಳಿದದ್ದು ಮರಳುಕಾಗದದ ಪಾಲು. 220ನೆಯ ನಂಬರಿನ ಕಾಗದದಿಂದ ಆರಂಭಿಸಿ 320, 400, 600ರವರೆಗೆ (ನಂಬರು ಏರಿದಷ್ಟೂ ಕಾಗದ ನುಣುಪು) ಸಾಗುತ್ತ, ಪ್ರತಿ ಹಂತದಲ್ಲಿಯೂ ಯಂತ್ರ ನಿಲ್ಲಿಸಿ ಉದ್ದುದ್ದಕ್ಕೆ ಒಮ್ಮೆ ಉಜ್ಜಿದರೆ ಸುತ್ತುಗೆರೆಗಳು ಅಳಿಯುತ್ತವೆ. ಕಾಗದವು ಬುಷ್ಷಿಗೂ ತಾಗಿದರೆ ಉಕ್ಕಿನ ಕರಿಪುಡಿ ಬಿಳಿಚು ಮರದ ಎಳೆಗಳೊಳಗೆ ಸೇರಿಕೊಳ್ಳುತ್ತದೆ. ಮಾಸ್ಕ್ ಧರಿಸದೆ ಈ ಕೆಲಸ ಕೂಡದು; ಬೀಟೆಯ ಜಾತಿಯ ಮರಗಳ ನುಣ್ಣನೆಯ ಧೂಳು ಹಲವರಲ್ಲಿ ಚರ್ಮದ ತುರಿಕೆ ತರುತ್ತದೆ.

ಮೆರುಗಿನ ಪ್ರಶ್ನೆಗೆ ಬಂದರೆ ನಾನು ತುಸು ಹಟವಾದಿ. ಅರಗಿನಿಂದ ಬರುವ ಶೆಲ್ಲಾಕ್ ಮತ್ತು ಮೇಣದ ಮಿಶ್ರಣವನ್ನು ತಿರುಗುತ್ತಿರುವ ಮರಕ್ಕೆ ಕಾಗದದ ಚೂರಿನಿಂದ ಒತ್ತಿದರೆ ಕಾವಿಗೆ ಕ್ಷಣದಲ್ಲಿ ಹೊಳಪೇಳುತ್ತದೆ, ಆದರೆ ಕೈ ಬೆವರಿಗೆ ಅದು ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಸೂಪರ್ ಗ್ಲೂವನ್ನೇ ಪದರ ಪದರವಾಗಿ ಹಚ್ಚಿ ಉಜ್ಜಿದರೆ ಗಾಜಿನಂಥ, ಬಹುಕಾಲ ಬಾಳುವ ಹೊಳಪು ಸಿಗುತ್ತದೆ, ಹೆಚ್ಚಿನವರ ಆಯ್ಕೆಯೂ ಅದೇ. ಆದರೆ ಬೆರಳಿಗೆ ತಾಗುವುದು ಆಗ ಮರವಲ್ಲ, ಪ್ಲಾಸ್ಟಿಕ್ಕು. ಮೊದಲೇ ಮಿಲಿಮೀಟರಿನಷ್ಟು ಉಳಿದ ಮರವನ್ನು ಮುಟ್ಟಲೂ ಬಿಡದಿದ್ದರೆ ಅಂಗಡಿಯ ಪೆನ್ನೇ ಸಾಕಿತ್ತಲ್ಲವೇ? ಮಂಕಾದರೆ ಆಗಲಿ, ಮತ್ತೊಮ್ಮೆ ಮೇಣ ತಿಕ್ಕಿದರಾಯಿತು.

ಜೋಡಿಸುವಾಗ ಭಾಗಗಳನ್ನು ಒತ್ತಿ ಕೂರಿಸುವುದರಿಂದ ಒಳಗೆ ಹೋದದ್ದು ಸುಲಭವಾಗಿ ಹೊರಬರುವುದಿಲ್ಲ. ತಿರುಗುವ ಯಂತ್ರಾಂಗವನ್ನು ಸ್ವಲ್ಪಸ್ವಲ್ಪವೇ ಒತ್ತಿ, ಪ್ರತಿಸಲವೂ ರೀಫಿಲ್ ಹಾಕಿ ಮೊನೆ ಎಷ್ಟು ಹೊರಬಂತೆಂದು ನೋಡಬೇಕು. ಹಸಿ ಮರ ಬಳಸಿದವರಿಗೆ ಪರೀಕ್ಷೆ ಆಮೇಲೆಯೂ ಉಂಟು: ಮರ ಒಣಗಿ ಕುಗ್ಗುತ್ತದೆ, ಹಿತ್ತಾಳೆ ಕುಗ್ಗುವುದಿಲ್ಲ, ಒಂದು ಬೆಳಗ್ಗೆ ಅಂಗಿ ಉದ್ದಕ್ಕೆ ಹರಿದಿರುತ್ತದೆ. ಇನ್ನು ಪೆನ್ನನ್ನು ಯಾರಿಗಾದರೂ ಕೊಡುವಾಗ ಮರದ ಹೆಸರನ್ನು ಹೇಳಲು ಮರೆತರೂ ಚಿಂತೆಯಿಲ್ಲ, ರೀಫಿಲ್ ಬದಲಾಯಿಸುವ ಬಗೆಯನ್ನು ಮಾತ್ರ ತೋರಿಸಿಕೊಡಬೇಕು. ನಡುಪಟ್ಟಿಯ ಬಳಿ ಮೇಲರ್ಧವನ್ನು ನೇರವಾಗಿ ಎಳೆದರೆ ಅದು ಕಳಚಿಕೊಳ್ಳುತ್ತದೆ, ಒಳಗಿನ ಕಡ್ಡಿಯನ್ನು ತಿರುಗಿಸಿ ಬಿಚ್ಚಬಹುದು. ಇದು ಗೊತ್ತಿಲ್ಲದವರು ಶಾಯಿ ಮುಗಿದೊಡನೆ ಪೆನ್ನೇ ಕೆಟ್ಟಿತೆಂದು ತಿಳಿಯುತ್ತಾರೆ, ಮತ್ತು ದಾಕ್ಷಿಣ್ಯಕ್ಕೆ ನಮಗದನ್ನು ಹೇಳುವುದೂ ಇಲ್ಲ.