ಮೂವತ್ತು ದಿನಗಳಲ್ಲಿ ಶುದ್ಧ ಕನ್ನಡ

ಧಾರವಾಡದಲ್ಲಿ ಪೇಢೆಯಂಗಡಿಗಳಿಗೂ ಬರವಿಲ್ಲ, ಸ್ಪರ್ಧಾ ಪರೀಕ್ಷೆಯ ತರಬೇತಿ ಕೇಂದ್ರಗಳಿಗೂ ಬರವಿಲ್ಲ. ಅಂಥದೊಂದು ಕೇಂದ್ರಕ್ಕೆ ನನ್ನ ತಂಗಿಯ ಮಗಳು ಸೇರಿದಳು. ಊರು ಗದಗ ಜಿಲ್ಲೆಯ ಲಕ್ಷ್ಮೇಶ್ವರ. ರೋಗ: ಗ್ರಾಮ್ಯ. ಚಿಕಿತ್ಸೆ: ಮೂವತ್ತು ದಿನಗಳ ಶುದ್ಧ ಕನ್ನಡ, ಶುಲ್ಕ ಮುಂಗಡ.

ಅಲ್ಲಿ ಉಳ್ಳಾಗಡ್ಡಿ ಸುಲಿದರೆ ಈರುಳ್ಳಿ ಸಿಗಬೇಕು. ತತ್ತಿ ಒಡೆದರೆ ಮೊಟ್ಟೆ. ಉಸುಕು ಕಸಬರಿಗೆಗೆ ಸಿಕ್ಕಿ ಹೊರಗೆ ಹೋದದ್ದು ಮರಳಾಗಿಯೇ ಮರಳಬೇಕು. ಕಸಬರಿಗೆಯೂ ಅಷ್ಟರಲ್ಲಿ ಪೊರಕೆಯಾಗಿರಬೇಕು. ‘ಚಲೋ’ ಎಂದವರಿಗೆ ಚೆನ್ನಾಗಿ ಬೈಗುಳ. ‘ತಾಟು’ ಮರಾಠಿಯಿಂದ ಬಂದದ್ದಂತೆ, ಆದ್ದರಿಂದ ಮೈಲಿಗೆ. ಅಟೆಂಡ್, ಅಡ್ಜಸ್ಟ್, ಪರ್ಫಾರ್ಮೆನ್ಸ್? ಅವು ಬೋಧಕರ ಬಾಯಿಂದಲೇ ಬರುವುದರಿಂದ ಮಡಿಯುಟ್ಟೇ ಬರುತ್ತವೆ.

ಈ ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ನಾಡನ್ನೇ ಕನ್ನಡದ ತಿರುಳು ಎಂದಿತು. ಮುಂದಿನ ಶತಮಾನದ ಪಂಪನೂ ತನ್ನ ಕಾವ್ಯ ಪುಲಿಗೆರೆಯ ತಿರುಳುಗನ್ನಡದಲ್ಲಿದೆ ಎಂದು ಬೀಗಿದ. ಪಾಪ, ಇಬ್ಬರಿಗೂ ಸಂದರ್ಶನ ಎದುರಿಸುವ ಭಾಗ್ಯವಿರಲಿಲ್ಲ. ಆಮೇಲೆ ತಿರುಳಿಗೆ ವರ್ಗಾವಣೆಯ ಆದೇಶ ಬಂದಿರಬೇಕು. 1956ರಲ್ಲಿ ನಾವು ಮುಂಬಯಿಯ ಕೈಬಿಟ್ಟು ಮೈಸೂರು ರಾಜ್ಯ ಸೇರಿದಾಗ ನೋಡಿದರೆ, ಅದು ಆಗಲೇ ರಾಜಧಾನಿಯ ಕಡೆಗೆ ಹೋಗಿ ಮನೆ ಮಾಡಿತ್ತು. ಸಿಪ್ಪೆ ಮಾತ್ರ ಇಲ್ಲಿ. ಆ ಸಿಪ್ಪೆಗೂ ಧಾರಾವಾಹಿಗಳಲ್ಲಿ ಉದ್ಯೋಗವುಂಟು: ಅಡುಗೆಯವನ, ಕಾವಲುಗಾರನ, ನಗಿಸಲೆಂದೇ ಹಳ್ಳಿಯಿಂದ ಬರುವ ಮಾವನ ಪಾತ್ರಗಳಿಗೆ ನಮ್ಮ ಮಾತೇ ಆಗಬೇಕು. ನಾಯಕಿ ಅಪ್ಪಿತಪ್ಪಿಯೂ ಹಾಗೆ ಮಾತಾಡುವುದಿಲ್ಲ.

ಅದೇ ‘ಕವಿರಾಜಮಾರ್ಗ’ ಇನ್ನೊಂದು ಮಾತನ್ನೂ ಹೇಳಿದೆ: ದೇಸಿಗಳು ಬೇರೆ ಬೇರೆಯಾದ್ದರಿಂದ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ತೀರ್ಮಾನಿಸಲಾರದೆ ವಾಸುಕಿಯೂ ಬೇಸತ್ತಾನು. ಗಮನಿಸಿ, ಕನ್ನಡವಲ್ಲ, ಕನ್ನಡಗಳು. ಸರ್ಪರಾಜನಿಗೆ ಆಗದ ಕೆಲಸವನ್ನು ನಮ್ಮ ಬೋಧಕರು ಒಂದೇ ತಿಂಗಳಲ್ಲಿ, ಭಾನುವಾರದ ರಜೆಯನ್ನೂ ಬಿಡದೆ, ಮುಗಿಸಿದರು.

ಪ್ರಮಾಣಪತ್ರ ಹಿಡಿದು ಹುಡುಗಿ ಊರಿಗೆ ಹೋದಳು. ಊಟಕ್ಕೆ ಕುಳಿತವಳು, ರೊಟ್ಟಿಯ ಜೊತೆಗೆ ಈರುಳ್ಳಿ ಬೇಕು ಎಂದಳು. ಅಜ್ಜಿ ಒಂದು ಗಳಿಗೆ ಯೋಚಿಸಿ, ಆ ಕಾಯಿಪಲ್ಲೆ ಈ ವಾರದ ಸಂತೆಗೆ ಬಂದಿರಲಿಲ್ಲವೆಂದು ನೊಂದುಕೊಂಡು, ಉಳ್ಳಾಗಡ್ಡಿಯನ್ನು ಗುದ್ದಿ ತಾಟಿಗೆ ಹಾಕಿದಳು.